ಕಣ್ಣಿನ ಗಾಜು, ಕಣ್ಣಿನ ಪರದೆ

ಯಾಪಲದಿನ್ನಿಯಲ್ಲಾಗಲಿ, ಮಾನ್ವಿ, ದೇವದುರ್ಗದ ಕಡೆಯ ಹಳ್ಳಿಗಳಲ್ಲಾಗಲಿ, "ಕಣ್ಣಿನ ಆಪರೇಷನ್" ಎಂದರೆ ಪೊರೆ ತೆಗೆಸುವುದೆಂದೇ ಜನ ತಿಳಿಯುತ್ತಾರೆ. ಅದು ಸಹಜವೂ ಹೌದು. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹೂಡಿ, ಬಡವರಿಗೆ ಉಚಿತವಾಗಿ ಪೊರೆ ತೆಗೆದರು. 2005ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಹಾಗೆ ದೃಷ್ಟಿ ಪಡೆದವರು ಲಕ್ಷಗಟ್ಟಲೆ ಇದ್ದರು. ಕೈ ಹಿಡಿಸಿಕೊಂಡು ಹೋದ ಅಜ್ಜಿ ತಾನೇ ನಡೆದು ಮನೆಗೆ ಬಂದುದನ್ನು ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. ಪೊರೆಯ ಶಸ್ತ್ರಕ್ರಿಯೆ ಇಂದು ಇನ್ನೂ ಸುಲಭವಾಗಿದೆ: ಮಸಕಾದ ಮಸೂರವನ್ನು ತೆಗೆದು ಕೃತಕ ಮಸೂರವನ್ನು ಕೂರಿಸುತ್ತಾರೆ, ಮರುದಿನವೇ ಮುಖಗಳ ಗುರುತು ಸಿಗುತ್ತದೆ.

ತೊಂದರೆ ಹುಟ್ಟುವುದು ಇದೇ ನಿರೀಕ್ಷೆಯನ್ನು ಹೊತ್ತು ಬೇರೊಂದು ಕಾಯಿಲೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ. "ಆಪರೇಷನ್ ಚೆನ್ನಾಗಿ ಆಯ್ತು ಅಂತಾರ, ಮತ್ತ ಕಣ್ಣು ಯಾಕ ಕಾಣಲೊಲ್ದು?" ಎಂದು ಕೇಳುವವರಿದ್ದಾರೆ. ಹೊಲ ಅಡವಿಟ್ಟು ದುಡ್ಡು ತಂದವರ ಬಾಯಲ್ಲಿ ಈ ಪ್ರಶ್ನೆ ಬಂದಾಗ ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶಸ್ತ್ರಕ್ರಿಯೆ ಸಫಲವಾಗಿಯೂ ದೃಷ್ಟಿ ಬಾರದಿರುವುದು ಸಾಧ್ಯ. ಅದು ಹೇಗೆಂದು ತಿಳಿಯಬೇಕಾದರೆ ಕಣ್ಣಿನ ಮುಂದಿನ ಗಾಜು ಯಾವುದು, ಹಿಂದಿನ ಪರದೆ ಯಾವುದು ಎಂಬುದನ್ನು ಮೊದಲು ನೋಡಬೇಕು.

ಕೈಗಡಿಯಾರದ ಮೇಲಿನ ಗಾಜಿನಂತೆ ಕಣ್ಣಿನ ಮುಂಭಾಗದಲ್ಲಿ ಕೂತಿರುವುದು ಕಾರ್ನಿಯಾ. ಅಗಲ ಹೆಚ್ಚೆಂದರೆ 12 ಮಿಲಿಮೀಟರು, ದಪ್ಪ ಸುಮಾರು ಅರ್ಧ ಮಿಲಿಮೀಟರು. ಇದರಲ್ಲಿ ರಕ್ತನಾಳಗಳಿಲ್ಲ, ಆದುದರಿಂದಲೇ ಇದು ತಿಳಿಯಾಗಿದೆ. ಇದರ ಒಳಮೈಗೆ ಒಂದೇ ಒಂದು ಸಾಲು ಜೀವಕೋಶಗಳಿದ್ದು, ಅವು ಹಗಲಿರುಳೂ ನೀರನ್ನು ಹೊರಗೆ ಎತ್ತಿಹಾಕುತ್ತಿರುತ್ತವೆ. ಆ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಗಾಜು ನೀರು ಕುಡಿದು ಮಂಜಾಗುತ್ತದೆ. ಗಾಯವೋ ಹುಣ್ಣೋ ಆಗಿ ಮಾಯ್ದರೆ ಬಿಳಿಯ ಕಲೆ ಉಳಿಯುತ್ತದೆ. "ಕಣ್ಣಿಗೆ ಹೂ ಬಿದ್ದಿದೆ" ಎಂದು ಹಳಬರು ಹೇಳುವುದು ಸಾಮಾನ್ಯವಾಗಿ ಈ ಕಲೆಯನ್ನೇ.

ಕಣ್ಣುಗುಡ್ಡೆಯ ಒಳಗೋಡೆಗೆ ಹಿಂದುಗಡೆ ಹಾಸಿರುವ ತೆಳುವಾದ ಪರದೆಯೇ ಅಕ್ಷಿಪಟಲ. ಹಿಂದೆ ಇದನ್ನು ಕ್ಯಾಮೆರಾದ ಫಿಲ್ಮಿಗೆ ಹೋಲಿಸುತ್ತಿದ್ದರು. ಫಿಲ್ಮನ್ನೇ ನೋಡದ ಇಂದಿನ ಮಕ್ಕಳಿಗೆ ಆ ಹೋಲಿಕೆ ಉಪಯೋಗವಿಲ್ಲ. ಅಲ್ಲದೆ ಅದು ಅಷ್ಟು ಸರಿಯಾದುದೂ ಅಲ್ಲ. ಫಿಲ್ಮು ಕೆಟ್ಟರೆ ಇನ್ನೊಂದನ್ನು ಹಾಕಬಹುದು. ಅಕ್ಷಿಪಟಲವಾದರೋ ಮೆದುಳಿನದೇ ಒಂದು ಚಾಚು. ನರದ ತಂತುಗಳಿಂದ ನೇಯ್ದ ಬಟ್ಟೆ. ಗಾಜನ್ನು ಬದಲಿಸಬಹುದು, ಪರದೆಯನ್ನು ಬದಲಿಸಲಾಗದು. ದುರಸ್ತಿ ಮಾತ್ರ ಸಾಧ್ಯ, ಅದೂ ಜೀವ ಉಳಿದಿರುವಷ್ಟು ಭಾಗಕ್ಕೆ.

ಗಾಜನ್ನು ಬದಲಿಸಬಹುದೆಂದು ತೋರಿಸಿಕೊಟ್ಟವನು ಎಡ್ವರ್ಡ್ ಜಿರ್ಮ್ ಎಂಬ ವೈದ್ಯ. ಇಂದಿನ ಚೆಕ್ ದೇಶದ ಓಲೊಮೊತ್ಸ್ ಪಟ್ಟಣದಲ್ಲಿ, 1905ರ ಡಿಸೆಂಬರ್ 7ರಂದು, ಸುಣ್ಣ ಸಿಡಿದು ಎರಡೂ ಕಣ್ಣು ಬೆಂದುಹೋಗಿದ್ದ ಒಬ್ಬ ಕೂಲಿಗಾರನಿಗೆ ಅವನು ಕಾರ್ನಿಯಾ ಜೋಡಿಸಿದನು. ಕಬ್ಬಿಣದ ಚೂರು ಹೊಕ್ಕು ಕೆಟ್ಟು, ತೆಗೆಯಲೇಬೇಕಾಗಿದ್ದ ಒಬ್ಬ ಬಾಲಕನ ಕಣ್ಣಿನಿಂದ ಆ ಕಾರ್ನಿಯಾವನ್ನು ತೆಗೆದುಕೊಂಡಿದ್ದನು. ಎರಡು ಕಣ್ಣುಗಳಲ್ಲಿ ಒಂದು ತಿಳಿಯಾಗಿ ಉಳಿಯಿತು, ಆ ಮನುಷ್ಯ ಕೆಲಸಕ್ಕೆ ಮರಳಿದ. ಎಲೆ-ಅಡಿಕೆ ಹಾಕುವ ನಮ್ಮ ಮನೆಗಳಲ್ಲಿ ಸುಣ್ಣದ ಡಬ್ಬಿ, ಸುಣ್ಣದ ಪೊಟ್ಟಣ ಮಕ್ಕಳ ಕೈಗೆ ಸಿಗುವಂತೆ ಬಿದ್ದಿರುತ್ತವೆ. ಪೊಟ್ಟಣವನ್ನು ಹಿಸುಕಿದಾಗ ಸುಣ್ಣ ಚಿಮ್ಮಿ ಕಣ್ಣಿಗೆ ಬಿದ್ದರೆ ಆಗುವುದು ಆ ಕೂಲಿಗಾರನಿಗೆ ಆದದ್ದೇ. ಹಾಗಾದಾಗ ಆಸ್ಪತ್ರೆಗೆ ಓಡುವ ಮುಂಚೆ, ನಿಂತಲ್ಲೇ, ಶುದ್ಧ ನೀರನ್ನು ರೆಪ್ಪೆ ಬಿಡಿಸಿ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಸುರಿಯಬೇಕು.

ಭಾರತದ ಮೊದಲ ನೇತ್ರ ಭಂಡಾರ 1945ರಲ್ಲಿ ಮದರಾಸಿನಲ್ಲಿ ಆರಂಭವಾಯಿತು. ಈಗ ಬೆಂಗಳೂರಿನ ಮಿಂಟೋ ಆಸ್ಪತ್ರೆ ಮತ್ತು ನಾರಾಯಣ ನೇತ್ರಾಲಯ, ಹುಬ್ಬಳ್ಳಿಯ ಡಾ. ಎಂ. ಎಂ. ಜೋಶಿ ನೇತ್ರ ಸಂಸ್ಥೆ ಮೊದಲಾದವು ಕರ್ನಾಟಕದವರಿಗೆ ಪರಿಚಿತವಾದ ದೊಡ್ಡ ಕಣ್ಣಾಸ್ಪತ್ರೆಗಳು. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಅಲ್ಲಿ ಡಾ. ಗುಲ್ಲಪಲ್ಲಿ ನಾಗೇಶ್ವರರಾಯರು 1987ರಲ್ಲಿ ಸ್ಥಾಪಿಸಿದ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯು ಕಾರ್ನಿಯಾ ಜೋಡಣೆಯಲ್ಲಿ ಜಗತ್ತಿನ ದೊಡ್ಡ ಕೇಂದ್ರಗಳಲ್ಲೊಂದು.

ಆ ಸಂಸ್ಥೆಯವರು ತಮ್ಮ ಕಾರ್ನಿಯಾ ಜೋಡಣೆಗಳ ಗತಿಯೇನಾಯಿತೆಂದು ಲೆಕ್ಕ ಹಾಕಿ 1997ರಲ್ಲಿ ಪ್ರಕಟಿಸಿದರು. ಇಂಥ ಲೆಕ್ಕವನ್ನು ಮುಚ್ಚಿಡದೆ ಜನರ ಮುಂದಿಟ್ಟುದೇ ಅವರ ದೊಡ್ಡತನವೆಂದು ನನ್ನ ಭಾವನೆ. ಒಂದು ವರ್ಷದ ಕೊನೆಗೆ ನೂರಕ್ಕೆ ಸುಮಾರು 80 ಕಸಿಗಳು ತಿಳಿಯಾಗಿದ್ದವು. ಐದು ವರ್ಷಕ್ಕೆ ಆ ಸಂಖ್ಯೆ 46ರ ಆಸುಪಾಸಿಗೆ ಇಳಿಯಿತು. ಅರ್ಧಕ್ಕೂ ಕಡಿಮೆ! ಇದನ್ನಷ್ಟೇ ಓದಿದವರು ಎದೆಗುಂದಬಹುದು. ಆದರೆ ಅದೇ ಲೆಕ್ಕದ ಒಳಗೆ ಹೊಕ್ಕು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಕೆರಟೋಕೋನಸ್, ಅಂದರೆ ಕಾರ್ನಿಯಾ ತೆಳುವಾಗಿ ಶಂಖದ ಮೊನೆಯಂತೆ ಮುಂದಕ್ಕೆ ಚೂಪಾಗುವ ಕಾಯಿಲೆಗೆ ಮಾಡಿದ ಕಸಿಗಳಲ್ಲಿ ನೂರಕ್ಕೆ 95 ಐದು ವರ್ಷದ ಮೇಲೂ ಚೆನ್ನಾಗಿದ್ದವು. ಒಮ್ಮೆ ಕಸಿ ಸೋತು ಎರಡನೆಯ ಬಾರಿ ಮಾಡಿಸಿಕೊಂಡವರಲ್ಲಿ ಉಳಿದುದು ಸುಮಾರು 21 ಮಾತ್ರ.

ಸಂಸ್ಥೆ ಒಂದೇ, ಫಲ ಮಾತ್ರ 95 ಒಂದು ಕಡೆ, 21 ಇನ್ನೊಂದು ಕಡೆ. ಇದಕ್ಕೆ ಕಾರಣ ರಕ್ತನಾಳ. ಕಾರ್ನಿಯಾದಲ್ಲಿ ನಾಳಗಳಿಲ್ಲದಿರುವುದರಿಂದ ದೇಹದ ಕಾವಲುಗಾರ ಕಣಗಳಿಗೆ "ಇದು ಪರರ ಅಂಗ" ಎಂಬ ಸುದ್ದಿ ಬೇಗ ತಲುಪುವುದಿಲ್ಲ. ಮೂತ್ರಪಿಂಡವನ್ನು ಜೋಡಿಸುವಾಗ ನೋಡುವಷ್ಟು ಹೊಂದಾಣಿಕೆಯನ್ನು ಇಲ್ಲಿ ನೋಡದೆ ನಡೆಯುವುದೂ ಇದರಿಂದಲೇ. ಆದರೆ ಹುಣ್ಣು, ಸುಣ್ಣದ ಸುಡುವಿಕೆ, ಹಳೆಯ ಸೋಂಕುಗಳಿಂದ ಒಮ್ಮೆ ನಾಳಗಳು ಒಳಗೆ ನುಗ್ಗಿದುವೆಂದರೆ ಸುದ್ದಿಗೆ ದಾರಿಯಾಯಿತು. ಹೊಸ ಗಾಜನ್ನು ದೇಹ ತಿರಸ್ಕರಿಸುವ ಸಂಭವ ಹೆಚ್ಚಿತು. ಆದುದರಿಂದ "ಕಾರ್ನಿಯಾ ಆಪರೇಷನ್ ಎಷ್ಟು ಜನಕ್ಕೆ ಗುಣವಾಗುತ್ತದೆ?" ಎಂದು ವೈದ್ಯರನ್ನು ಕೇಳಿ ಪ್ರಯೋಜನವಿಲ್ಲ. "ನನ್ನ ಕಣ್ಣು ಯಾವ ಕಾಯಿಲೆಯಿಂದ ಮಸಕಾಯಿತು, ಅದರಲ್ಲಿ ನಾಳಗಳು ಬೆಳೆದಿವೆಯೇ, ಹಿಂದಿನ ಪರದೆ ನೆಟ್ಟಗಿದೆಯೇ?" ಎಂದು ಕೇಳಿದರೆ ಉತ್ತರ ಸಿಗುತ್ತದೆ.

ಆ ಲೆಕ್ಕದ ಕಾಲಕ್ಕೆ ಕಾರ್ನಿಯಾದ ಇಡೀ ದಪ್ಪವನ್ನು ಬಿಲ್ಲೆಯಂತೆ ಕತ್ತರಿಸಿ ತೆಗೆದು, ಹೊಸದನ್ನು ಕೂರಿಸಿ, ಸುತ್ತಲೂ ಕೂದಲಿಗಿಂತ ಸಣ್ಣ ದಾರದಿಂದ ಹೊಲಿಯುತ್ತಿದ್ದರು. ಈಗ ಕೆಟ್ಟ ಪದರವನ್ನು ಮಾತ್ರ ಬದಲಿಸುವ ವಿದ್ಯೆ ಬಂದಿದೆ. ಮೇಲ್ಪದರದಲ್ಲಿ ಕಲೆಯಿದ್ದರೆ ಮೇಲಿನದು. ಒಳಗಿನ ಕೋಶಗಳ ಸಾಲು ಸತ್ತಿದ್ದರೆ ಒಳಗಿನದು. ಒಳಪದರದ ಕಸಿಗೆ ಹಾಲೆಂಡಿನ ವೈದ್ಯ ಖೆರಿಟ್ ಮೆಲೆಸ್ 1998ರ ಸುಮಾರಿಗೆ ದಾರಿ ತೋರಿದರು. ಅದನ್ನು ಹೊಲಿಯುವ ಬದಲು ಗಾಳಿಯ ಗುಳ್ಳೆಯಿಂದ ಒತ್ತಿ ಅಂಟಿಸುತ್ತಾರೆ. ರೋಗಿಯ ಸ್ವಂತದ್ದು ಹೆಚ್ಚು ಉಳಿದಷ್ಟೂ ತಿರಸ್ಕಾರ ಕಡಿಮೆ, ಚೇತರಿಕೆ ಬೇಗ.

ಕನ್ನಡಿಗರಿಗೆ ಈ ವಿದ್ಯೆ ಮನೆಮಾತಾದುದು 2021ರಲ್ಲಿ. ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ ತೀರಿಕೊಂಡಾಗ, 2006ರಲ್ಲಿ ತಂದೆ ಡಾ. ರಾಜಕುಮಾರರ ಕಣ್ಣುಗಳನ್ನು ಕೊಟ್ಟಂತೆಯೇ ಇವರ ಕಣ್ಣುಗಳನ್ನೂ ಮನೆಯವರು ಕೊಟ್ಟರು. ನಾರಾಯಣ ನೇತ್ರಾಲಯದ ವೈದ್ಯರು ಎರಡು ಕಾರ್ನಿಯಾಗಳನ್ನೂ ಹೊರಪದರ, ಒಳಪದರವೆಂದು ಬಿಡಿಸಿ, ಇಬ್ಬರಿಗೆ ಹೊರಗಿನದನ್ನೂ ಇಬ್ಬರಿಗೆ ಒಳಗಿನದನ್ನೂ ಜೋಡಿಸಿದರು. ಎರಡು ಕಣ್ಣು ನಾಲ್ವರಿಗೆ ಬೆಳಕಾದುವು. ಆ ಬಳಿಕ ನೇತ್ರದಾನಕ್ಕೆ ಹೆಸರು ಬರೆಸುವವರ ಸಾಲು ರಾಜ್ಯದಲ್ಲೆಲ್ಲ ಬೆಳೆಯಿತು.

ಹೆಸರು ಬರೆಸುವುದು ಒಂದು, ಕಣ್ಣು ತಲುಪುವುದು ಇನ್ನೊಂದು. ಸಾವಿನ ಮನೆಯಲ್ಲಿ ಯಾರಾದರೊಬ್ಬರು ಎದ್ದು ದೂರವಾಣಿ ಮಾಡದಿದ್ದರೆ ಬರೆಸಿದ ಹೆಸರು ಕಾಗದದಲ್ಲೇ ಉಳಿಯುತ್ತದೆ. ಪ್ರಾಣ ಹೋದ ಆರು ಗಂಟೆಗಳೊಳಗೆ ಕಾರ್ನಿಯಾವನ್ನು ತೆಗೆಯಬೇಕು. ರಾಯಚೂರಿನ ಬೇಸಗೆಯಲ್ಲಿ ಇನ್ನೂ ಬೇಗ ಆದರೆ ಒಳ್ಳೆಯದು. ಅಷ್ಟರವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನು ನಿಲ್ಲಿಸಿ, ತಲೆಯ ಕೆಳಗೆ ದಿಂಬು ಕೊಡಬೇಕು. ಮುದುಕರು, ಕನ್ನಡಕ ಹಾಕಿದವರು, ಪೊರೆ ತೆಗೆಸಿದವರು, ಸಿಹಿಮೂತ್ರ ರೋಗದವರು, ಎಲ್ಲರೂ ಕೊಡಬಹುದು. ಏಡ್ಸ್, ಕಾಮಾಲೆಯ ಬಿ ಮತ್ತು ಸಿ ಸೋಂಕು, ಹುಚ್ಚುನಾಯಿ ರೋಗ, ರಕ್ತದ ಕ್ಯಾನ್ಸರ್ ಇದ್ದವರದನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ. ಮುಖ ವಿಕಾರವಾಗುವುದೆಂಬ ಭಯ ನಿರಾಧಾರವಾದುದು.

ಕಸಿ ಆದಮೇಲಿನ ಕಥೆಯನ್ನು ಊರಿನವರು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಫಲ ನಿಲ್ಲುವುದು ಬೀಳುವುದು ಅರ್ಧಪಾಲು ಅಲ್ಲೇ. ತಿರಸ್ಕಾರವನ್ನು ತಡೆಯುವ ಹನಿಗಳನ್ನು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಹಾಕಿಕೊಳ್ಳಬೇಕು. ಕಣ್ಣು ಕೆಂಪಾದರೆ, ಬೆಳಕಿಗೆ ಚುಚ್ಚಿದರೆ, ನೋಟ ಮಂಜಾದರೆ ಅಂದೇ ತೋರಿಸಬೇಕು. ಅಂದು ತೋರಿಸಿದರೆ ಕಸಿಯನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಹುದು. ದೇವದುರ್ಗದ ಒಳಹಳ್ಳಿಯ ಕೂಲಿಯವನಿಗೆ ಬಸ್ಸು, ರೈಲು, ಜೊತೆಗೊಬ್ಬ, ಎರಡು ದಿನದ ಕೂಲಿ ನಷ್ಟ, ಇಷ್ಟೂ ಸೇರಿ ಈ "ಅಂದೇ" ಎಂಬ ಮಾತು ಬಹಳ ದುಬಾರಿ. ಶಸ್ತ್ರಕ್ರಿಯೆಗೆ ದುಡ್ಡು ಕೂಡಿಸುವಾಗಲೇ ಮುಂದಿನ ಎರಡು ವರ್ಷದ ಪ್ರಯಾಣದ ಖರ್ಚನ್ನೂ ತೆಗೆದಿರಿಸುವುದು ಜಾಣತನ.

ಇನ್ನು, ಈ ಸೀಮೆಯಲ್ಲಿ ಕಣ್ಣಿಗೆ ಹೂ ಬೀಳುವ ಬಗೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಮೇಲೆ ಸಿಂಧನೂರು, ಮಾನ್ವಿ, ರಾಯಚೂರುಗಳಲ್ಲಿ ಭತ್ತ ಹಬ್ಬಿತು. ಜೊತೆಗೆ ಹತ್ತಿ, ಜೋಳ, ತೊಗರಿ ಇದ್ದೇ ಇವೆ. ಕೊಯ್ಲಿನಲ್ಲಿ ಗರಿ ತಾಗುವುದು, ರಾಶಿಯಲ್ಲಿ ಹೊಟ್ಟು ಸಿಡಿಯುವುದು, ಹತ್ತಿ ಕಡ್ಡಿ ಚುಚ್ಚುವುದು, ಇವು ದಿನನಿತ್ಯದ ಮಾತು. ಗೀರು ಸಣ್ಣದು, ಆದರೆ ಗಿಡದ ಚೂರಿನ ಮೇಲೆ ಬೂಷ್ಟು ಇರುತ್ತದೆ. ಅದು ಕಾರ್ನಿಯಾದೊಳಗೆ ಬೇರೂರಿದರೆ ಮೊಂಡು ಹುಣ್ಣಾಗುತ್ತದೆ. ಅಂಗಡಿಯವರು ಕೊಡುವ "ಉರಿ ಶಮನದ" ಹನಿಯಲ್ಲಿ ಸ್ಟೀರಾಯ್ಡ್ ಇದ್ದರಂತೂ ಬೂಷ್ಟಿಗೆ ಗೊಬ್ಬರ ಹಾಕಿದಂತೆ. ನಾಲಿಗೆಯಿಂದ ಕಸ ತೆಗೆಯುವುದು, ಸೊಪ್ಪಿನ ರಸ ಹಿಂಡುವುದು, ಇವೂ ಸೋಂಕನ್ನು ಹೊಕ್ಕಿಸುವ ದಾರಿಗಳೇ.

ನೇಪಾಳದ ಭಕ್ತಪುರದಲ್ಲಿ ಇಂಥದೇ ಒಕ್ಕಲು ಮಕ್ಕಳ ನಡುವೆ ನಡೆಸಿದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಕಣ್ಣು ಗೀರಿದ 442 ಮಂದಿಗೆ ಹಳ್ಳಿಯ ಕಾರ್ಯಕರ್ತರು ಕ್ಲೋರಾಂಫೆನಿಕಾಲ್ ಮುಲಾಮನ್ನು ಮೂರು ದಿನ ಹಚ್ಚಿದರು. ಗಾಯವಾದ 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದು, ಎರಡು ದಿನದೊಳಗೆ ಬಂದವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಹುಣ್ಣಾಯಿತು. ಅಗ್ಗದ ಮುಲಾಮಿನ ಒಂದು ಕೊಳವೆ, ಹದಿನೆಂಟು ಗಂಟೆ. ಇದನ್ನು ದಾಟಿದವನ ಮುಂದೆ ಉಳಿಯುವುದು ತಿಂಗಳುಗಟ್ಟಲೆ ನಟಮೈಸಿನ್ ಹನಿ, ಆಮೇಲೆ ಕಸಿ, ಆ ಕಸಿಯೂ ನಾಳ ನುಗ್ಗಿದ ಕಣ್ಣಿನಲ್ಲಿ. ರಾಶಿಯ ಕಾಲದಲ್ಲಿ ಕಣ್ಣು ಕುಟುಕಿದರೆ "ನಾಳೆ ಸಂತೆಗೆ ಹೋದಾಗ ತೋರಿಸೋಣ" ಎನ್ನಬಾರದು. ಸಂಜೆಯೊಳಗೆ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಮುಟ್ಟಬೇಕು.

ಹಿಂದಿನ ಪರದೆಯ ಕಾಯಿಲೆಗಳಲ್ಲಿ ಹೊತ್ತಿನ ಬೆಲೆ ಇನ್ನೂ ಹೆಚ್ಚು. ಗೋಡೆಗೆ ಅಂಟಿಸಿದ ಕಾಗದ ಹರಿದು, ಹರಿದಲ್ಲಿ ನೀರು ಹೊಕ್ಕು ಕಳಚಿಕೊಳ್ಳುವಂತೆ ಅಕ್ಷಿಪಟಲವೂ ಕಳಚುವುದುಂಟು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದು ಗುಣವಾಗುತ್ತಿದ್ದುದು ಸಾವಿರಕ್ಕೊಬ್ಬರಿಗೆ. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಜೂಲ್ ಗೊನಾಂ ಎಂಬ ವೈದ್ಯರು, ಹರುಕೇ ಮೂಲ, ಹರುಕನ್ನು ಮುಚ್ಚಿದರೆ ಪರದೆ ತಾನೇ ಕೂರುತ್ತದೆಂದು ಪಟ್ಟು ಹಿಡಿದು, ಕಾಯಿಸಿದ ಸಲಾಕೆಯಿಂದ ಹರುಕಿನ ಜಾಗವನ್ನು ಸುಟ್ಟು ಮುಚ್ಚತೊಡಗಿದರು. ದೊಡ್ಡವರೆನಿಸಿದವರು ನಂಬಲಿಲ್ಲ. 1929ರಲ್ಲಿ ಆಂಸ್ಟರ್‌ಡ್ಯಾಮಿನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಒಪ್ಪಲೇಬೇಕಾಯಿತು. ಮುಂದೆ 1970ರಲ್ಲಿ ಅಮೆರಿಕದ ಮಯಾಮಿಯಲ್ಲಿ ರಾಬರ್ಟ್ ಮಾಕೆಮರ್ ಅವರು ಕಣ್ಣಿನೊಳಗಿನ ಲೋಳೆಯನ್ನು ಸಣ್ಣ ಸಲಕರಣೆಯಿಂದ ಕತ್ತರಿಸಿ ಹೀರುವ ವಿಟ್ರೆಕ್ಟಮಿಯನ್ನು ತಂದರು. ಇಂದು ಕಳಚಿದ ಪರದೆ ಒಂದೇ ಶಸ್ತ್ರಕ್ರಿಯೆಯಿಂದ ಹತ್ತರಲ್ಲಿ ಎಂಟೊಂಬತ್ತು ಕಣ್ಣುಗಳಲ್ಲಿ ಮರಳಿ ಕೂರುತ್ತದೆ.

ಇಲ್ಲಿಯೇ ಮೊದಲಿನ ಪ್ರಶ್ನೆಗೆ ಉತ್ತರವಿದೆ. ಪರದೆ ಕೂತಿತು, ವೈದ್ಯರ ಮಟ್ಟಿಗೆ ಶಸ್ತ್ರಕ್ರಿಯೆ ಸಫಲ. ದೃಷ್ಟಿ ಬಂದೀತೇ ಎಂಬುದು ನಟ್ಟನಡುವಿನ ಮ್ಯಾಕ್ಯುಲ ಎಂಬ ಪುಟ್ಟ ಚುಕ್ಕೆಯನ್ನು ಅವಲಂಬಿಸಿದೆ. ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು ಎಲ್ಲ ಅದರಿಂದಲೇ. ಅದು ಕಳಚುವ ಮೊದಲೇ ಬಂದವರಿಗೆ ಬಹುಮಟ್ಟಿಗೆ ಹಿಂದಿನ ನೋಟವೇ ಉಳಿಯುತ್ತದೆ. ಕಳಚಿ ವಾರ ಮೀರಿದರೆ ಕೋಶಗಳು ಆಹಾರವಿಲ್ಲದೆ ಸೊರಗುತ್ತವೆ. ಆಮೇಲೆ ಪರದೆಯನ್ನು ಎಷ್ಟು ನೇರವಾಗಿ ಅಂಟಿಸಿದರೂ ಅಕ್ಷರಗಳು ಮೊದಲಿನಷ್ಟು ಸ್ಫುಟವಾಗವು. ನೋವಿರುವುದಿಲ್ಲವಾದ್ದರಿಂದ ಜನ ತಡಮಾಡುತ್ತಾರೆ. ಹಠಾತ್ತನೆ ಕಣ್ಣ ಮುಂದೆ ಮಸಿಯ ಚುಕ್ಕೆಗಳು ಹಾರಾಡಿದರೆ, ಮಿಂಚು ಹೊಳೆದಂತಾದರೆ, ಒಂದು ಬದಿಯಿಂದ ಕರಿಪರದೆ ಸರಿದುಬಂದಂತೆ ಕಂಡರೆ ಅದು ತುರ್ತು. ದೂರದೃಷ್ಟಿ ಮಂದವಾಗಿ ದಪ್ಪ ಕನ್ನಡಕ ಹಾಕುವವರು, ಪೊರೆ ತೆಗೆಸಿದವರು, ಕಣ್ಣಿಗೆ ಪೆಟ್ಟು ತಿಂದವರು ವಿಶೇಷವಾಗಿ ಎಚ್ಚರದಿಂದಿರಬೇಕು.

ಪರದೆಯನ್ನು ಒತ್ತಿ ಹಿಡಿಯಲು ಕಣ್ಣಿನೊಳಗೆ ಅನಿಲದ ಗುಳ್ಳೆಯನ್ನೋ ಸಿಲಿಕೋನ್ ಎಣ್ಣೆಯನ್ನೋ ತುಂಬುತ್ತಾರೆ. ಹಲವರು ದಿನಗಟ್ಟಲೆ ಮುಖ ಕೆಳಗೆ ಮಾಡಿ ಮಲಗಬೇಕಾಗುತ್ತದೆ; ಬೇಸರದ ಕೆಲಸ, ಆದರೆ ಗುಳ್ಳೆ ಮೇಲಕ್ಕೇರಿ ಹರುಕನ್ನು ಒತ್ತಲು ಅದೇ ಉಪಾಯ. ಅನಿಲ ವಾರಗಳಲ್ಲಿ ತಾನೇ ಕರಗುತ್ತದೆ. ಅಲ್ಲಿಯವರೆಗೆ ವಿಮಾನ ಹತ್ತಬಾರದು. ಎಣ್ಣೆಯಾದರೆ ಕೆಲವು ತಿಂಗಳ ಮೇಲೆ ಮತ್ತೊಮ್ಮೆ ತೆಗೆಸಬೇಕಾಗುತ್ತದೆ. ಈ ಎರಡನೆಯ ಸರದಿಯನ್ನು ಕಂಡು "ಮೊದಲನೆಯದು ಕೆಟ್ಟಿತು" ಎಂದು ತಿಳಿಯಬೇಕಾಗಿಲ್ಲ.

ಸಿಹಿಮೂತ್ರ ರೋಗದಲ್ಲಿ ಪರದೆಯ ನಾಳಗಳು ಸೋರುತ್ತವೆ, ಹೊಸ ಬಡನಾಳಗಳು ಬೆಳೆದು ಒಡೆದು ರಕ್ತ ತುಂಬುತ್ತದೆ. ಹೊಸ ನಾಳಗಳು ಹುಟ್ಟುತ್ತಿರುವಾಗಲೇ ಲೇಸರ್ ಕಿರಣದಿಂದ ಚುಕ್ಕೆಯಿಟ್ಟರೆ ತೀವ್ರ ದೃಷ್ಟಿನಾಶದ ಸಂಭವ ಅರ್ಧಕ್ಕಿಂತ ಕಡಿಮೆಯಾಗುವುದೆಂದು ಅಮೆರಿಕದ ದೊಡ್ಡ ಪರೀಕ್ಷೆಯೊಂದು 1976ರಲ್ಲೇ ತೋರಿಸಿತು. ರಕ್ತ ತುಂಬಿದಮೇಲೆ ಮಾಡುವ ವಿಟ್ರೆಕ್ಟಮಿಯ ಫಲ ಅಷ್ಟು ಸಂತೋಷದ್ದಲ್ಲ: 1985ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬೇಗ ಮಾಡಿಸಿಕೊಂಡವರಲ್ಲಿ ನೂರಕ್ಕೆ 25 ಮಂದಿಗೂ, ಕಾದು ಕುಳಿತವರಲ್ಲಿ 15 ಮಂದಿಗೂ ಎರಡು ವರ್ಷದ ಮೇಲೆ ಒಳ್ಳೆಯ ನೋಟವಿತ್ತು. ಉಪಕರಣಗಳು ಅಂದಿಗಿಂತ ಬಹಳ ಸುಧಾರಿಸಿವೆ, ಕಣ್ಣಿನೊಳಗೆ ಕೊಡುವ ಚುಚ್ಚುಮದ್ದೂ ಬಂದಿದೆ. ಆದರೂ ಸಕ್ಕರೆ ಕಾಯಿಲೆಯೆಂದು ತಿಳಿದವರು, ನೋಟ ಚೆನ್ನಾಗಿದ್ದಾಗಲೇ, ವರ್ಷಕ್ಕೊಮ್ಮೆ ಕಣ್ಣಿನ ಪಾಪೆಗೆ ಹನಿ ಹಾಕಿಸಿ ಪರದೆಯನ್ನು ತೋರಿಸಿಕೊಳ್ಳುವುದಕ್ಕೆ ಸಮನಾದುದು ಯಾವುದೂ ಇಲ್ಲ.

ತಿಂಗಳು ತುಂಬದೆ ಹುಟ್ಟಿದ ಕೂಸುಗಳ ವಿಷಯವನ್ನೂ ಹೇಳಬೇಕು. ಎರಡು ಕಿಲೋಗಿಂತ ಹಗುರವಾಗಿ, ಇಲ್ಲವೆ 34 ವಾರಕ್ಕೆ ಮೊದಲೇ ಹುಟ್ಟಿದ ಮಗುವಿನ ಪರದೆಯಲ್ಲಿ ನಾಳಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ದಾರಿ ತಪ್ಪಿ ಬೆಳೆದು ಪರದೆಯನ್ನೇ ಎಳೆದು ಕಳಚಬಲ್ಲವು. ಹುಟ್ಟಿದ 30 ದಿನದೊಳಗೆ ಒಮ್ಮೆ ಪರೀಕ್ಷೆಯಾಗಬೇಕು. 2008ರಲ್ಲಿ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರು ಕಿಡ್ರಾಪ್ ಎಂಬ ಕಾರ್ಯಕ್ರಮವನ್ನು ಆರಂಭಿಸಿದರು. ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ವಿಭಾಗಗಳಿಗೆ ಹೋಗಿ ಪರದೆಯ ಚಿತ್ರ ತೆಗೆಯುತ್ತಾರೆ. ಬೆಂಗಳೂರಿನ ತಜ್ಞರು ಅದನ್ನು ನೋಡಿ ಹೇಳುತ್ತಾರೆ. ಲೇಸರ್ ಬೇಕಾದ ಮಗುವಿಗೆ ಎರಡು ದಿನದೊಳಗೆ ಕೊಟ್ಟರೆ ಕಣ್ಣು ಬಹುಮಟ್ಟಿಗೆ ಉಳಿಯುತ್ತದೆ. ಪರದೆ ಪೂರ್ತಿ ಕಳಚಿದಮೇಲೆ ಎಂಥ ಶಸ್ತ್ರಕ್ರಿಯೆಯಿಂದಲೂ ಹೆಚ್ಚು ಫಲವಿಲ್ಲ.

ಕೊನೆಗೆ, ಚಾಕು ಮುಟ್ಟಲಾಗದ ಒಂದು ಗುಂಪಿದೆ. ರಾತ್ರಿ ಕಾಣದಾಗಿ, ಬರಬರುತ್ತ ನೋಟದ ಸುತ್ತಳತೆ ಕಿರಿದಾಗಿ, ಕೊಳವೆಯೊಳಗಿಂದ ನೋಡಿದಂತಾಗುವ ಆನುವಂಶಿಕ ಕಾಯಿಲೆ, ರೆಟಿನೈಟಿಸ್ ಪಿಗ್ಮೆಂಟೋಸ. ಸೋದರಮಾವ, ಅಕ್ಕನ ಮಗಳು ಎಂದು ರಕ್ತಸಂಬಂಧದಲ್ಲೇ ಮದುವೆಗಳು ನಡೆದ ಮನೆತನಗಳಲ್ಲಿ ಇದು ಹೆಚ್ಚು. "ಇದ್ದ ಕಣ್ಣು ತೆಗೆದು ಬ್ಯಾರೆ ಹಾಕ್ರಿ" ಎಂದು ತಂದೆತಾಯಿ ಬೇಡಿಕೊಳ್ಳುತ್ತಾರೆ. 2023ರಲ್ಲಿ ನ್ಯೂಯಾರ್ಕಿನಲ್ಲಿ ಮೊಟ್ಟಮೊದಲ ಬಾರಿಗೆ ಇಡೀ ಕಣ್ಣುಗುಡ್ಡೆಯನ್ನು ಒಬ್ಬರಿಗೆ ಜೋಡಿಸಿದರು. ಗುಡ್ಡೆಗೆ ರಕ್ತ ಹರಿಯಿತು, ಅದು ಬದುಕಿತು; ನೋಟ ಬರಲಿಲ್ಲ, ಕಡಿದ ನರ ಮೆದುಳಿಗೆ ಕೂಡಲಿಲ್ಲ. ಒಂದು ಬಗೆಯ ವಂಶವಾಹಿ ದೋಷಕ್ಕೆ 2017ರಲ್ಲಿ ಅಮೆರಿಕದಲ್ಲಿ ಚಿಕಿತ್ಸೆಯೊಂದಕ್ಕೆ ಒಪ್ಪಿಗೆ ಸಿಕ್ಕಿತು. ಅದು ಆ ಒಂದು ದೋಷಕ್ಕೆ ಮಾತ್ರ. ಇಂಥವರಿಗೆ "ಗ್ಯಾರಂಟಿ ಗುಣ" ಎಂದು ಬೇರು, ಚುಚ್ಚುಮದ್ದು ಮಾರುವವರು ಸಿಗುತ್ತಾರೆ; ಅವರಿಗೆ ಕೊಡುವ ದುಡ್ಡಿನಲ್ಲಿ ಒಂದು ಒಳ್ಳೆಯ ಭೂತಗನ್ನಡಿ, ಬಿಳಿಯ ಕೋಲು, ಮಾತನಾಡುವ ಫೋನು ಬರುತ್ತವೆ. ಇವನ್ನು ಬಳಸಲು ಕಲಿಸುವ ಮಂದದೃಷ್ಟಿ ವಿಭಾಗಗಳು ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಇವೆ, ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿದ ಮಗುವನ್ನು ಮೊದಲು ಅಲ್ಲಿಗೆ ಕರೆದೊಯ್ಯಬೇಕು.